ಹಿತ್ತಲ ಬೆಂಕಿಗುಂಡಿ

ಪುಷ್ಯಮಾಸದ ಚಳಿಯಲ್ಲಿ ಈ ಸೀಮೆಯನ್ನು ಸುತ್ತುವಾಗ ನೆಲದ ಗುಣವು ನಮಗೆ ಹಿತ್ತಲ ಬೆಂಕಿಯಲ್ಲೇ ತಿಳಿಯಿತು. ಕಡೂರಿನಲ್ಲಿ ಉರಿಯುವುದು ತೆಂಗಿನ ಮಟ್ಟೆ. ತರೀಕೆರೆಯಲ್ಲಿ ಅಡಿಕೆಯ ಸಿಪ್ಪೆ. ಅಮೃತಮಹಲ್ ರಾಸುಗಳ ಅಜ್ಜಂಪುರದಲ್ಲಿ ಬೆರಣಿ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತಷ್ಟೆ.

ಗುಂಡಿಯು ಮೊಣಕಾಲುದ್ದ ಆಳವಿದ್ದರೆ ಸಾಕು. ಸುತ್ತಲೂ ಒಣಗಿದ ಕಾಡುಗಲ್ಲನ್ನು ಜೋಡಿಸಬೇಕು. ಹಳ್ಳದಿಂದ ತಂದ ಹಸಿಗಲ್ಲು ಕಾದಾಗ ಒಳನೀರು ಆವಿಯಾಗಿ ಸಿಡಿಯುತ್ತದೆ. ಕುಳಿತುಕೊಳ್ಳುವೆಡೆ ಹುಲ್ಲು ಕೆತ್ತಿ ಜಲ್ಲಿ ಹರಡಿದರೆ ಕಿಡಿ ಬಿದ್ದರೂ ಹತ್ತದು, ಕೆಸರೂ ಆಗದು. ಹುಲ್ಲಿನ ಬಣವೆಯ ಸಮೀಪ ಮಾತ್ರ ತೋಡಲೇಬಾರದು. ಬೀಸುಗಾಳಿಗೆ ದನಗಳ ವರ್ಷದ ಮೇವೇ ಹೋದೀತು. ಹೊಗೆ ಬಾರದ ಕಡೆ ಹಿರಿಯರ ಮಣೆಯಿರಲಿ. ಏಳುವ ಮುನ್ನ ಕೆಂಡಕ್ಕೆ ಒಂದು ಕೊಡ ನೀರು ಹೊಯ್ಯಬೇಕು. ಕೆಲವರು ಭ್ರಮಿಸುವಂತೆ ಆ ಬೂದಿ ವಿಭೂತಿಯಲ್ಲ. ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ.