ಕರ್ಯಾ ಎಲ್ಲಿ ಹ್ವಾದ?

ನಮ್ಮ ಕರ್ಯಾ ಸತ್ತು ಇವತ್ತಿಗೆ ಹನ್ನೊಂದು ದಿನ. ಕುಂದಗೋಳದ ನಮ್ಮ ಮನೆ ಕಟ್ಟೆ ಮೇಲೆ ಹದಿಮೂರು ವರ್ಷ ಬಿದ್ದುಕೊಂಡಿದ್ದ ನಾಯಿ. ಹೊಲದ ಬದುವಿನಲ್ಲಿ, ಬೇವಿನ ಬುಡಕ್ಕೆ ಮಣ್ಣು ಮಾಡಿ ಬಂದೆ. ಮಳೆಯಾಗಿತ್ತು, ಎರೆಮಣ್ಣು ಅಂಟಿ ಒಂದೊಂದು ಚಪ್ಪಲಿಯೂ ಒಂದೊಂದು ಸೇರು!

ಕಾಲು ತೊಳೆಯುವಾಗಲೇ ಅವ್ವ ಕೇಳಿದಳು, "ಕರ್ಯಾ ಎಲ್ಲಿ ಹ್ವಾದ್ನೋ? ರೊಟ್ಟಿ ಹಂಗ ಐತಿ."

ಅವ್ವನಿಗೆ ಅಲ್‌ಝೈಮರ್. ತವರಿನ ಬಾವಿಗೆ ಎಷ್ಟು ಮೆಟ್ಟಿಲು ಅನ್ನೋದು ನೆನಪಿದೆ, ಮುಂಜಾನೆ ಕುಡಿದ ಚಹಾ ನೆನಪಿಲ್ಲ. "ಅವ ಸತ್ತಾನ ಬೇ" ಅಂದೆ. ಸೆರಗು ಬಾಯಿಗೆ ಹಿಡಿದು ಅತ್ತಳು. ಅರ್ಧ ತಾಸಿಗೆ ಮತ್ತದೇ ಪ್ರಶ್ನೆ, ಈಗಷ್ಟೇ ಕೇಳಿದವರ ಹಾಗೆ ಮತ್ತದೇ ಅಳು. ಮೂರನೇ ಸಲ ನನ್ನ ಕೈಲಾಗಲಿಲ್ಲ.

ಸಂಜೆ ಪ್ರಶ್ನೆ ಇರಲಿಲ್ಲ. ಆದರೆ ಮಂಕಾಗಿ ಕೂತಿದ್ದಳು. ಯಾಕೆ ಅಂದರೆ, "ಏನೋಪಾ, ಜೀವಕ್ಕ ಸಮಾಧಾನಿಲ್ಲ." ರಾತ್ರಿ ನೆಟ್‌ನಲ್ಲಿ ಹುಡುಕಿದೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಈ ಕಾಯಿಲೆಯವರಿಗೆ ಅಳು ಬರಿಸುವ ಸಿನಿಮಾ ತುಣುಕು ತೋರಿಸಿದ್ದರಂತೆ. ಸಿನಿಮಾ ಮರೆತರೂ ದುಃಖ ಉಳಿದಿತ್ತಂತೆ.

ಈಗ "ಹೊಲಕ್ಕ ಹೋಗ್ಯಾನ ಬೇ" ಅಂತೀನಿ. ಪೂರ್ತಿ ಸುಳ್ಳೂ ಅಲ್ಲ ಬಿಡಿ. "ಹಸದಿರ್ತಾನ" ಅಂತ ಅವಳು ರೊಟ್ಟಿ ಮುರಿದಿಡ್ತಾಳೆ. ಕರ್ಯಾನಿಗಾಗಿ ನನ್ನ ಜೊತೆ ಅಳಬೇಕಾದವಳು ಅವಳೊಬ್ಬಳೇ. ಅವಳ ಮುಂದೆಯೇ ಅಳುವ ಹಾಗಿಲ್ಲ.

ನಿನ್ನೆ ಕೊಟ್ಟಿಗೆಯಲ್ಲಿ ಅವನ ಕೊರಳಗೆಜ್ಜೆ ಸಿಕ್ಕಿತು. ಎತ್ತಿಕೊಂಡೆ ಅಷ್ಟೇ.. ಒಳಗಿಂದ ಅವ್ವ, "ಕರ್ಯಾ ಬಂದ್ನೇನೋ?"

ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.