ಮೂರು ತಿಂಗಳು ಟೈಮ್ ಕೊಡಿ ಸ್ವಾಮಿ

ರಸ್ತೆ ಅಗಲೀಕರಣದ ಅಹವಾಲು ಸಭೆಯಲ್ಲಿ ಸೈಕಲ್ ರಿಪೇರಿ ಅಂಗಡಿಯವರೊಬ್ಬರು ಎದ್ದು ನಿಂತು ಹೀಗೆ ಕೇಳಿದ್ದರು. ನಾವು ಬರೆದುಕೊಂಡೆವು. ಮರುದಿನ ಪೇಪರಿನಲ್ಲಿ ಬಂದದ್ದು ‘ಹಲವರು ಅರ್ಜಿ ಸಲ್ಲಿಸಿದರು’ ಅಂತ ಮಾತ್ರ. ನಮಗೂ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಆಮೇಲೆ ಮೊದಲ ಮಹಾಯುದ್ಧದ ಕಾಲದ ಇಂಗ್ಲೆಂಡಿನ ಬಗ್ಗೆ ಓದುವಾಗ ಇದೇ ಮಾತು ಮತ್ತೆ ಎದುರಾಯಿತು.

1916ರ ಜನವರಿಯಲ್ಲಿ ಅಲ್ಲಿ ಕಡ್ಡಾಯ ಸೇನಾ ಭರ್ತಿಯ ಕಾನೂನು ಬಂತು. ಮೊದಲು ಮದುವೆಯಾಗದ ಗಂಡಸರು, ಮೇ ತಿಂಗಳಿಂದ ಮದುವೆಯಾದವರೂ ಹೋಗಬೇಕಾಯಿತು. ವಿನಾಯಿತಿ ಬೇಕಿದ್ದವರು ತಮ್ಮ ಊರಿನ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕಿತ್ತು. ಜೂನ್ ಕೊನೆಯ ಹೊತ್ತಿಗೆ ಅರ್ಜಿ ಹಾಕಿದವರು ಸುಮಾರು ಏಳೂವರೆ ಲಕ್ಷ.

ಆತ್ಮಸಾಕ್ಷಿಗಾಗಿ ಯುದ್ಧ ನಿರಾಕರಿಸಿದವರ ಕಥೆಯೇ ಇವತ್ತು ಹೆಚ್ಚು ಜನರಿಗೆ ಗೊತ್ತು. ಆದರೆ ಮಿಡ್ಲ್‌ಸೆಕ್ಸ್ ಕೌಂಟಿಯ ಮೇಲ್ಮನವಿ ಟ್ರಿಬ್ಯೂನಲ್‌ನ 11,307 ಪ್ರಕರಣಗಳಲ್ಲಿ ಅಂಥವು 577 ಮಾತ್ರ. ಉಳಿದವರು ಮುಂದಿಟ್ಟದ್ದು ದುಡಿಮೆ, ಸಂಸಾರ, ಕಾಯಿಲೆ. ಬೇಕರಿಯವರು, ಕಮ್ಮಾರರು, ದರ್ಜಿಗಳು, ದಿನಸಿ ಅಂಗಡಿಯವರು. ಒಬ್ಬನೇ ನಡೆಸುವ ಅಂಗಡಿ, ನಾನು ಹೋದರೆ ಬಾಗಿಲು ಹಾಕಬೇಕು ಅನ್ನುವುದೇ ಅನೇಕರ ಅಳಲು.

ತೀರ್ಪು ಹೇಳಲು ಕೂತವರಲ್ಲಿ ಅದೇ ಊರಿನ ಕೌನ್ಸಿಲರುಗಳು, ವ್ಯಾಪಾರಿಗಳೂ ಇರುತ್ತಿದ್ದರು. ಎದುರು ಕೂತವರು ಗಿರಾಕಿಯೂ ಆಗಿರಬಹುದು, ಪಕ್ಕದ ಬೀದಿಯ ಪೈಪೋಟಿಯವರೂ ಆಗಿರಬಹುದು. ಸೇನೆಯ ಪ್ರತಿನಿಧಿ ಪಾಟೀಸವಾಲು ಹಾಕುತ್ತಿದ್ದ. ಎಷ್ಟೋ ಜನರಿಗೆ ಸಿಕ್ಕಿದ್ದು ಒಂದೆರಡು ತಿಂಗಳ, ಮೂರು ತಿಂಗಳ ಗಡುವು. ಅದು ಮುಗಿದ ಮೇಲೆ ಮತ್ತೆ ಅರ್ಜಿ, ಮತ್ತೆ ಅದೇ ಪ್ರಶ್ನೆಗಳು. ಮನೆಯ ಸಾಲ, ಅಮ್ಮನ ಕಾಯಿಲೆ ಎಲ್ಲವನ್ನೂ ಊರಿನವರ ಮುಂದೆ ಹೇಳಿಕೊಳ್ಳಬೇಕು.

ಯುದ್ಧ ಮುಗಿದ ಮೇಲೆ ಸರ್ಕಾರ ಈ ಕಡತಗಳನ್ನು ನಾಶ ಮಾಡಲು ಹೇಳಿತು. ಮಾದರಿಗೆಂದು ಉಳಿಸಿಕೊಂಡದ್ದು ಮಿಡ್ಲ್‌ಸೆಕ್ಸ್‌ನವು ಮತ್ತು ಸ್ಕಾಟ್ಲೆಂಡಿನ ಲೋಥಿಯನ್-ಪೀಬಲ್ಸ್‌ನವು. ಬೇರೆ ಕೆಲವೆಡೆ ಅಷ್ಟಿಷ್ಟು ಉಳಿಯಿತು. ಎಷ್ಟೋ ಊರುಗಳಲ್ಲಿ ಆ ಅರ್ಜಿದಾರರ ಮಾತು ಇವತ್ತು ಸಿಗುವುದು ಸ್ಥಳೀಯ ಪತ್ರಿಕೆಯ ವರದಿಯಲ್ಲಿ ಮಾತ್ರ. ಕೆಲವು ಪತ್ರಿಕೆಗಳು ಹೆಸರು ಹಾಕಿದವು, ಕೆಲವು ಬರೀ ಕಸುಬು, ವಯಸ್ಸು. ಮೂಲೆಯ ಮೇಜಿನಲ್ಲಿ ಕೂತು ಬರೆದುಕೊಂಡ ಆ ವರದಿಗಾರನಿಗೂ ಅದು ನಮ್ಮ ಹಾಗೆ ದಿನದ ಡ್ಯೂಟಿ ಆಗಿದ್ದಿರಬೇಕು.

ಯುದ್ಧಕ್ಕೂ ರಸ್ತೆ ಅಗಲೀಕರಣಕ್ಕೂ ಹೋಲಿಕೆಯಿಲ್ಲ. ಅಲ್ಲಿ ಗಡುವು ಮುಗಿದರೆ ಹೋಗಬೇಕಾದದ್ದು ಯುದ್ಧಭೂಮಿಗೆ. ಆದರೆ ಒಬ್ಬನೇ ನಡೆಸುವ ಅಂಗಡಿಯವನು ಅಧಿಕಾರಿಗಳ ಮುಂದೆ ನಿಂತು ಏನಂದ ಅಂತ ಬರೆಯಬೇಕಾದವರು ಆವತ್ತೂ ನಮ್ಮಂಥವರೇ, ಇವತ್ತೂ ನಾವೇ.

ಮೊನ್ನೆಯ ಸಭೆಯಿಂದ ನಾವು ಒಂಬತ್ತು ಅರ್ಜಿದಾರರ ಹೆಸರು, ಕಸುಬು, ಕೇಳಿದ್ದೇನು ಅಂತ ಪೂರ್ತಿ ಬರೆದು ಕಳಿಸಿದೆವು. ಡೆಸ್ಕಿನವರು ಮೂರು ಉಳಿಸಿದರು. ಉಳಿದ ಆರು ನಮ್ಮ ನೋಟ್‌ಬುಕ್ಕಿನಲ್ಲಿವೆ. ಈ ಸಲ ಅದನ್ನು ರದ್ದಿಗೆ ಹಾಕುವುದಿಲ್ಲ.