ಗಿರಾಕಿಯ ಆತುರ

ನಾಗಸಂದ್ರದಲ್ಲಿ ವಾಸಿಸತಕ್ಕವರಿಗೆ ಎರಡು ಬಗೆಯ ವ್ಯಾಪಾರಗಳು ದಿನವೂ ಕಣ್ಣಿಗೆ ಬೀಳುತ್ತವೆ. ಮೆಟ್ರೋ ನಿಲ್ದಾಣದ ಮಗ್ಗುಲಲ್ಲಿಯೇ, 2022ನೆಯ ಇಸವಿ ಜೂನ್ ತಿಂಗಳಲ್ಲಿ ತೆರೆದ ಐಕಿಯಾ ಎಂಬ ಪೀಠೋಪಕರಣಗಳ ಮಹಾಮಳಿಗೆಯಿದೆ. ಅಲ್ಲಿ ರೈಲು ಹತ್ತಿ ಮೂರನೆಯ ನಿಲ್ದಾಣದಲ್ಲಿ ಇಳಿದರೆ, 1970ರ ದಶಕದಿಂದ ಬೆಳೆದು ಬಂದ ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಗಳು ಸಾಲುಸಾಲಾಗಿ ಕಾಣುತ್ತವೆ. ಮೊದಲನೆಯ ಕಡೆ ಸರಕು ಸಿದ್ಧವಾಗಿ ಗಿರಾಕಿಯನ್ನು ಕಾದಿರುತ್ತದೆ. ಎರಡನೆಯ ಕಡೆ ಗಿರಾಕಿ ಕೇಳಿದ ಮೇಲೆಯೇ ಉಕ್ಕಿನ ಸರಳು ಲೇಥಿನ ಮೇಲೆ ಏರಬೇಕು. ಈ ವ್ಯತ್ಯಾಸ ನನಗೆ ಬಹುಕಾಲ ತಿಳಿದೇ ಇತ್ತು. ಆದರೆ ಅದರ ಅರ್ಥ ತಿಳಿದದ್ದು ಒಂದು ಮಿಕ್ಸಿಯ ಮುಚ್ಚಳದಿಂದ.

ನಮ್ಮ ಮನೆಯ ಮಿಕ್ಸಿ ಜಾರಿನ ಮುಚ್ಚಳ ಒಡೆದು, ಹೊಸದನ್ನು ಆನ್‌ಲೈನಿನಲ್ಲಿ ತರಿಸಲು ಹಣ ಕಟ್ಟಿದ್ದೆ. ಮಂಗಳವಾರ ಬರುವುದಾಗಿ ವಾಗ್ದಾನವಾಗಿತ್ತು. ಮಂಗಳವಾರ ಸಂಜೆ ಮೊಬೈಲು 'ನಾಳೆ' ಎಂದಿತು. ಇಷ್ಟೇ ಸಂಗತಿ. ಆದರೆ ನಾನು ಮಾತು ತಪ್ಪುವ ಜನರ ವಿಷಯವಾಗಿ ಮನೆಮಂದಿಗೆಲ್ಲ ಒಂದು ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಅದೇ ಹೊತ್ತಿಗೆ ಬಂದ ನನ್ನ ಭಾವಮೈದುನ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲವನ್ನೂ ಕೇಳಿದ. ಕಡೆಗೆ, "ಭಾವ, ನೀವೂ ಹೀಗೆಯೇ ಹೇಳಿದರೆ ನಾನು ಯಾರ ಹತ್ತಿರ ಹೋಗಿ ಹೇಳಿಕೊಳ್ಳಲಿ?" ಎಂದ.

ಅವನಿಗೆ ಪೀಣ್ಯದಲ್ಲಿ ಎರಡು ಲೇಥುಗಳ ಒಂದು ಚಿಕ್ಕ ಕಾರ್ಖಾನೆಯುಂಟು. ಐದು ಮಂದಿ ಕೆಲಸಗಾರರು. ಬೇರೆ ಕಾರ್ಖಾನೆಗಳಿಗೆ ಬೇಕಾದ ಶಾಫ್ಟು, ಬುಷ್ಷು, ಪುಲ್ಲಿ ಮೊದಲಾದವನ್ನು ನಕ್ಷೆ ನೋಡಿ ಅಳತೆಗೆ ಸರಿಯಾಗಿ ಮಾಡಿಕೊಡುವುದು ಅವನ ಕಸುಬು. ಒಂಬತ್ತು ವರ್ಷಗಳಿಂದ ಕೆಲಸ ಕೊಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಖರೀದಿಯ ವಯಸ್ಸಾದ ಅಧಿಕಾರಿ ನಿವೃತ್ತರಾಗಿ, ಅವರ ಸ್ಥಾನಕ್ಕೆ ತರುಣರೊಬ್ಬರು ಬಂದಿದ್ದರು. ಅವರು ರಾತ್ರಿ ಹತ್ತು ಗಂಟೆಗೆ ನಕ್ಷೆಯೊಂದನ್ನು ಮೊಬೈಲಿಗೆ ಕಳುಹಿಸಿ ದರ ಕೇಳಿದರು, ಬೆಳಿಗ್ಗೆ ಎಂಟಕ್ಕೆ, "ಉತ್ತರವೇಕಿಲ್ಲ?" ಎಂದರು. ಇವನು ಕಬ್ಬಿಣದ ಅಂಗಡಿಯಲ್ಲಿ ವಿಚಾರಿಸಿ, ಲೆಕ್ಕ ಹಾಕಿ, ಹನ್ನೊಂದಕ್ಕೆ ದರ ಹೇಳುವ ಹೊತ್ತಿಗೆ ಕೆಲಸ ಬೇರೊಬ್ಬರ ಪಾಲಾಗಿತ್ತು. ಇವನ ವರಮಾನದಲ್ಲಿ ಮೂರರಲ್ಲೊಂದು ಭಾಗ ಆ ಒಬ್ಬ ಗಿರಾಕಿಯದು. "ಐದು ಜನರಲ್ಲಿ ಯಾರನ್ನು ಮನೆಗೆ ಕಳುಹಿಸಲಿ ಎಂದು ಯೋಚಿಸುತ್ತಿದ್ದೇನೆ, ಭಾವ" ಎಂದು ಅವನು ಲೋಟವನ್ನು ಕೆಳಗಿಟ್ಟ.

ನನಗೆ ನಾಚಿಕೆಯಾಯಿತು. ಆ ತರುಣರು ಯಾರು? ನಾನೇ! ಸಂಜೆ ಮನೆಯಲ್ಲಿ ಕುಳಿತು ತರಿಸಿದ ಪದಾರ್ಥ ಎಲ್ಲಿಯವರೆಗೆ ಬಂದಿತೆಂದು ಮೊಬೈಲಿನಲ್ಲಿ ನೋಡುವ ಗೃಹಸ್ಥನೇ, ಬೆಳಿಗ್ಗೆ ಕಚೇರಿಯಲ್ಲಿ ಕುಳಿತು ಕಾರ್ಖಾನೆಗೆ ಬೇಕಾದುದನ್ನು ಕೊಳ್ಳುವವನು. ಅಂಗಿ ಬದಲಾಯಿಸಿದ ಮಾತ್ರಕ್ಕೆ ಅಭ್ಯಾಸ ಬದಲಾಗುತ್ತದೆಯೆ?

ಈ ಅಭ್ಯಾಸ ಬಹಳ ಹಳೆಯದೇನೂ ಅಲ್ಲ. ನಮ್ಮ ಅಜ್ಜಂದಿರು ಕ್ಯಾಟಲಾಗು ನೋಡಿ ಕಾರ್ಡು ಬರೆದು, ವಿ.ಪಿ.ಪಿ. ಬಂದಾಗ ಅಂಚೆಯವನ ಕೈಗೆ ಹಣ ಕೊಟ್ಟು ಗಡಿಯಾರವನ್ನೋ ಪುಸ್ತಕವನ್ನೋ ಬಿಡಿಸಿಕೊಳ್ಳುತ್ತಿದ್ದರು, ದಿನಗಳನ್ನು ಎಣಿಸುತ್ತಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕಗಳ ಮಾರಾಟದಿಂದ ಆರಂಭವಾಯಿತು. ಅಲ್ಲಿಂದ ಈಚೆಗೆ ಬೆಲೆ ಎದುರಿಗೇ ಕಾಣಬೇಕು, ಬರುವ ದಿನ ಮೊದಲೇ ತಿಳಿಯಬೇಕು, ಬೇಡವಾದರೆ ಹಿಂದಿರುಗಿಸಬೇಕು ಎಂಬುದು ನಮಗೆ ಹುಟ್ಟುಗುಣದಂತೆ ಆಗಿಬಿಟ್ಟಿದೆ. ಕಾನೂನೂ ಇದಕ್ಕೆ ಒತ್ತಾಸೆಯಾಗಿದೆ. 2020ರ ಜುಲೈ ತಿಂಗಳಲ್ಲಿ ಬಂದ ಇ-ವಾಣಿಜ್ಯದ ನಿಯಮಗಳ ಮೇರೆಗೆ, ಗಿರಾಕಿಯ ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹಾರ ಮಾಡಬೇಕು. ಈ ರಕ್ಷಣೆ ಮನೆಯ ಬಳಕೆಗಾಗಿ ಕೊಳ್ಳುವವರಿಗೆ ಹೊರತು, ವ್ಯಾಪಾರಕ್ಕಾಗಿ ಕೊಳ್ಳುವವರಿಗೆ ಅಲ್ಲ. ಆದರೆ ಅಭ್ಯಾಸವು ಕಾನೂನಿನ ಮೇರೆಯನ್ನು ನೋಡಿಕೊಂಡು ನಿಲ್ಲುವುದಿಲ್ಲ.

ಇಲ್ಲಿ ನಾವು ಮರೆಯುವ ಸಂಗತಿಯೊಂದುಂಟು. ಎರಡು ದಿನದಲ್ಲಿ ನಮ್ಮ ಬಾಗಿಲಿಗೆ ಬಂದ ವಸ್ತು ಎರಡು ದಿನದಲ್ಲಿ ತಯಾರಾದದ್ದಲ್ಲ. ಎಂದೋ ತಯಾರಾಗಿ ಯಾವುದೋ ಉಗ್ರಾಣದಲ್ಲಿ ಇದ್ದದ್ದು. ನಾವು ಕಂಡದ್ದು ಸಾಗಿಸುವ ವೇಗವನ್ನು. ಅದನ್ನೇ ತಯಾರಿಸುವ ವೇಗವೆಂದು ಭ್ರಮಿಸಿದ್ದೇವೆ. ಒಂದು ಶಾಫ್ಟ್ ಆಗಬೇಕಾದರೆ ಸರಳನ್ನು ಕತ್ತರಿಸಬೇಕು, ಲೇಥಿನಲ್ಲಿ ಕಡೆಯಬೇಕು, ಗಟ್ಟಿಯಾಗಲೆಂದು ಕುಲುಮೆಯವರಿಗೆ ಕಳುಹಿಸಬೇಕು, ಬಂದ ಮೇಲೆ ಸಾಣೆ ಹಿಡಿದು ಮೈಕ್ರೊಮೀಟರಿನಿಂದ ಅಳೆಯಬೇಕು. ಶಾಖ ಕೊಟ್ಟು ತಣಿಸುವುದರಲ್ಲಿ ಆತುರಪಟ್ಟರೆ ಉಕ್ಕು ಬಿರುಕು ಬಿಡುವುದುಂಟು. ಇನ್ನು ಹಿಂದಿರುಗಿಸುವ ಮಾತು! ಒಬ್ಬರ ಯಂತ್ರದ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಒದಗದು. ಹಿಂದೆ ಬಂದರೆ ಗುಜರಿಯವನ ತಕ್ಕಡಿಯೇ ಅದಕ್ಕೆ ಗತಿ.

ಮತ್ತೊಂದು ವಿಚಿತ್ರವನ್ನು ನೋಡಿರಿ. ಮುಚ್ಚಳಕ್ಕೆ ನಾನು ಹಣವನ್ನು ಮುಂಚಿತವಾಗಿಯೇ ಕಟ್ಟಿದ್ದೆ. ರಾತ್ರಿ ಹತ್ತಕ್ಕೆ ದರ ಕೇಳುವ ಕಾರ್ಖಾನೆಗಳಾದರೋ ಹಣ ಕೊಡುವಾಗ ಮೂರು ತಿಂಗಳು ಕಾಯಿಸುವುದುಂಟು. ಸಣ್ಣ ಉದ್ಯಮಗಳಿಗೆ ಸಲ್ಲತಕ್ಕ ಹಣ 45 ದಿನಗಳನ್ನು ಮೀರಬಾರದೆಂದು 2006ರ ಶಾಸನವಿದೆ; ಆದರೂ ಒಂಬತ್ತು ವರ್ಷದ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಯಾರಿಗೆ ಬರುತ್ತದೆ? ಆತುರವನ್ನು ಕಲಿತ ನಾವು ಅದರ ಅನುಕೂಲವಾದ ಅರ್ಧವನ್ನು ಮಾತ್ರ ಕಲಿತಿದ್ದೇವೆ.

ಹಾಗೆಂದು ತಪ್ಪೆಲ್ಲವೂ ಗಿರಾಕಿಯದೇ ಎನ್ನಲಾಗದು. ನಮ್ಮ ಕಡೆಯ ಹಳ್ಳಿಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ಪದ್ಧತಿಯಿತ್ತು. ನಮ್ಮ ಕಸುಬುದಾರರಲ್ಲಿ ಅನೇಕರು ಅದೇ ಮಂತ್ರವನ್ನು ಗಿರಾಕಿಗಳ ಮೇಲೆ ಪ್ರಯೋಗಿಸುತ್ತಿದ್ದರು. ನಾನು ಇದನ್ನು ಹೇಳಿದಾಗ ಭಾವಮೈದುನನು ನಕ್ಕು, "ನಾನೂ ಹೇಳಿದ್ದೇನೆ, ಭಾವ, ಸುಳ್ಳಾಡುವುದಿಲ್ಲ" ಎಂದ. ಗಿರಾಕಿ ಕೇಳುವುದರಲ್ಲಿ ಅರ್ಧಭಾಗ ವೇಗವಲ್ಲ, ಸುದ್ದಿ. ಕಬ್ಬಿಣವನ್ನು ಬೇಗ ತಣಿಸಲಾಗದು. ಆದರೆ ಅದು ತಣಿಯುತ್ತಿದೆಯೆಂದು ಬೇಗ ಹೇಳಬಹುದು.

ಅವನು ಅಂದಿನಿಂದ ಹಾಗೆಯೇ ಮಾಡತೊಡಗಿದ. ನಕ್ಷೆ ಬಂದ ಕೂಡಲೇ, "ತಲುಪಿತು, ನಾಳೆ ಹನ್ನೊಂದಕ್ಕೆ ದರ ಹೇಳುತ್ತೇನೆ, ಮಾಲಿಗೆ ಹನ್ನೆರಡು ದಿನ ಬೇಕು" ಎಂದು ಬರೆಯುತ್ತಾನೆ. ಕೆಲಸ ಒಂದೊಂದು ಹಂತ ದಾಟಿದಾಗಲೂ ಅವನ ಮಗಳು ಚಿತ್ರ ತೆಗೆದು ಕಳುಹಿಸುತ್ತಾಳೆ. ನಾಲ್ಕು ದಿನವೆಂದು ಹೇಳಿ ಹನ್ನೆರಡು ದಿನ ಮಾಡುವ ಪದ್ಧತಿ ನಿಂತಿದೆ. ಹೋದ ಗಿರಾಕಿ ಪೂರ್ತಿಯಾಗಿ ಹಿಂದಿರುಗಲಿಲ್ಲ. ಮೊದಲಿನ ಕೆಲಸದಲ್ಲಿ ಅರ್ಧ ಮಾತ್ರ ಬಂದಿತು. ಹಣ ಈಗಲೂ ತಡವಾಗಿಯೇ ಬರುತ್ತದೆ. ಆದರೆ ಐದು ಮಂದಿಯೂ ಇನ್ನೂ ಕೆಲಸದಲ್ಲಿದ್ದಾರೆ.

ನನ್ನ ಮುಚ್ಚಳ ಬುಧವಾರ ಮಧ್ಯಾಹ್ನ ಬಂದಿತು. ತಂದ ಹುಡುಗ ಬಿಸಿಲಿನಲ್ಲಿ ಬೆವೆತಿದ್ದ. ನಾನು ಮನಸ್ಸಿನಲ್ಲಿ ಸಿದ್ಧಪಡಿಸಿಟ್ಟಿದ್ದ ಮಾತುಗಳನ್ನು ನುಂಗಿಕೊಂಡು, ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟೆ. ಈಗ ಏನನ್ನಾದರೂ ತರಿಸುವಾಗ ನನ್ನನ್ನು ನಾನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾನು ಕೇಳುತ್ತಿರುವುದು ಒಬ್ಬನು ಹೊತ್ತು ತರಬೇಕಾದುದನ್ನೋ, ಒಬ್ಬನು ಮಾಡಬೇಕಾದುದನ್ನೋ? ಎರಡನೆಯದಾದರೆ ದಿನವನ್ನು ಹೇಳಬೇಕಾದವನು ಅವನು, ಕಾಯಬೇಕಾದವನು ನಾನು.